ಹದಿನಾಲ್ಕನೇ ನಂಬರಿನ ಕುರಿಗಳು

ಈ ಸಂಗತಿಗಳನ್ನು ಹೇಳಿದಾಗಲೆಲ್ಲ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ನಗಿಸಲಿಕ್ಕೆ ಹೇಳುವುದಲ್ಲ, ಹೊಟ್ಟೆ ಉರಿದು ಹೇಳುವುದು. ತಮಿಳು ಸೀಮೆಯ ನಲ್ಲಂಪಳ್ಳಿಯಿಂದ ಒಳಗೆ ಹೋಗುವ ಒಂದು ಹಳ್ಳಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದವಳಿಗೆ ಇಂಥವು ತಿಂಗಳಿಗೆ ಎರಡಾದರೂ ಆಗುತ್ತಲೇ ಇರುತ್ತವೆ. ಆದರೆ ಕೊರೊನಾ ಬಂದು ಶಾಲೆ ಮುಚ್ಚಿ, ಚಿತ್ರ ಬರೆಯುವುದನ್ನು ಫೋನಿನಲ್ಲಿ ಕಲಿಸು ಅಂದರಲ್ಲ, ಆ ವರ್ಷ ದಿನಕ್ಕೆ ಎರಡು ಆದವು.

ನನ್ನ ತವರು ನಂಗವಳ್ಳಿ. ಈ ಹಳ್ಳಿಯವರ ಹಾಗೆ ನನಗೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಪಾಠ ಮಾಡುವುದು ತಮಿಳಿನಲ್ಲಿ, ಸಿಟ್ಟು ಬರುವುದು ಮಾತ್ರ ಕನ್ನಡದಲ್ಲಿ. ನಿನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಅನ್ನುತ್ತಾರೆ ನಮ್ಮ ಯಜಮಾನರು. ಆ ವರ್ಷ ಅದನ್ನೂ ಮಾಸ್ಕಿನೊಳಗೆ ಮುಚ್ಚಿಟ್ಟುಕೊಂಡು ತಿರುಗಬೇಕಾಯಿತು.

೧. ಫ್ಯಾನು ಕೊಟ್ಟ ಆರ್ಡರು

ನಮ್ಮ ಮೇಲಿನ ಆಫೀಸರು ಒಂದು ದಿನ ಫೋನಿನಲ್ಲೇ ಮೀಟಿಂಗ್ ಕರೆದರು. ಅವರು ತಮ್ಮ ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ್ದರು. ಹಾಗಾಗಿ ನಮಗೆಲ್ಲ ಕಂಡದ್ದು ಅವರ ಮುಖವಲ್ಲ, ಅವರ ರೂಮಿನ ಫ್ಯಾನು. ಮೂರು ರೆಕ್ಕೆ, ಒಂದರ ತುದಿಯಲ್ಲಿ ಜೇಡರ ಬಲೆ. ಒಂದು ಗಂಟೆ ಹೊತ್ತು ನಾವು ಅದಕ್ಕೇ ವಣಕ್ಕಂ ಹೇಳಿ, ಅದಕ್ಕೇ ತಲೆಯಾಡಿಸಿದೆವು.

ಫ್ಯಾನು ನನ್ನನ್ನು ಕೇಳಿತು. "ಡ್ರಾಯಿಂಗ್ ಅಂದರೆ ಏನಮ್ಮಾ? ನೀವೊಂದು ಚಿತ್ರ ಕಳಿಸ್ತೀರಿ, ಮಕ್ಕಳು ನೋಡಿಕೊಂಡು ಬರೀತಾರೆ. ಅದಕ್ಕೆ ವಾರಕ್ಕೆ ಎರಡು ಪೀರಿಯಡ್ ಯಾಕೆ?"

"ಸಾರ್, ನೋಡಿಕೊಂಡು ಬರೆಯೋದಲ್ಲ. ನೋಡೋದನ್ನೇ ಕಲಿಸಬೇಕು."

"ನೋಡೋದಕ್ಕೆ ಕಣ್ಣಿದೆಯಲ್ಲಮ್ಮಾ."

ಅಷ್ಟರಲ್ಲಿ ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಕೆಮ್ಮಿದರು. ಆರು ವರ್ಷದಿಂದ ನನ್ನ ಪೀರಿಯಡ್ಡಿನ ಮೇಲೆ ಕಣ್ಣಿಟ್ಟು, ಹಬ್ಬದ ಮನೆ ಬಾಗಿಲಲ್ಲಿ ಕೂತ ಬೆಕ್ಕಿನ ಹಾಗೆ ಕಾಯುತ್ತಿದ್ದವರು. "ಆ ಎರಡು ಪೀರಿಯಡ್ ನನಗೆ ಕೊಟ್ಟರೆ ಪೋರ್ಷನ್ ಮುಗಿಸಿಬಿಡ್ತೀನಿ ಸಾರ್" ಅಂದರು.

ಕೊನೆಗೆ ತೀರ್ಮಾನವಾಯಿತು. ನನಗೆ ಮೂರು ತಿಂಗಳು. ಅಷ್ಟರಲ್ಲಿ ಜಿಲ್ಲೆಯವರ ಮುಂದೆ ಇಡುವಂಥ ಒಂದೇ ಒಂದು ಚಿತ್ರ ನನ್ನ ಮಕ್ಕಳಿಂದ ಬರಬೇಕು. ಬರದಿದ್ದರೆ ಶಾಲೆ ತೆರೆದ ಮೇಲೂ ಡ್ರಾಯಿಂಗ್ ಇಲ್ಲ, ಎರಡೂ ಪೀರಿಯಡ್ ಲೆಕ್ಕದ ಮೇಷ್ಟ್ರಿಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಲೆಕ್ಕದಲ್ಲೂ ಇಂಗ್ಲಿಷಿನಲ್ಲೂ ಬೈಸಿಕೊಂಡು ಬೈಸಿಕೊಂಡು ತಲೆ ತಗ್ಗಿಸಿದ ಮಕ್ಕಳು ವಾರದಲ್ಲಿ ತಲೆ ಎತ್ತಿ ಕೂರುವುದು ಆ ಎರಡೇ ಪೀರಿಯಡ್. ಅದನ್ನೂ ಕಿತ್ತುಕೊಳ್ಳುತ್ತಾರಂತೆ! ಸರಿಯಾದ ಉತ್ತರ ಕೊಡೋಣ ಅಂತ ಬಾಯಿ ತೆರೆದೆ. ಆ ಹೊತ್ತಿಗೆ ಅಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು.

ಲೆಕ್ಕದ ಮೇಷ್ಟ್ರು ಅದಕ್ಕೂ "ಸರಿಂಗ ಸಾರ್" ಅಂದರು.

೨. ಬೋರಲು ಚೊಂಬು

ಫೋನನ್ನು ಕೈಯಲ್ಲಿ ಹಿಡಿದುಕೊಂಡು ಚಿತ್ರ ಬರೆದು ತೋರಿಸುವುದು ಹೇಗೆ? ಅಡುಗೆಮನೆಯಿಂದ ಶಾವಿಗೆ ಒತ್ತುವ ಮೂರು ಕಾಲಿನ ಕಬ್ಬಿಣದ ಒರಳು ತಂದು, ಅದರ ತಲೆಗೆ ಫೋನು ಕಟ್ಟಿ, ಕೆಳಗೆ ಹಾಳೆ ಇಟ್ಟೆ. ನೆಟ್ ಸಾಲದು ಅಂತ ಮಕ್ಕಳಿಗೆ ಕ್ಯಾಮೆರಾ ಮುಚ್ಚಿಕೊಂಡು, ಮೈಕ್ ಮುಚ್ಚಿಕೊಂಡು ಕೂರಲು ಹೇಳಿದ್ದೆ. ಅವರು ನನ್ನನ್ನು ನೋಡುತ್ತಾರೆ, ನನಗೆ ಕಾಣುವುದು ಬರೀ ಕಪ್ಪು ಚೌಕಗಳು ಮತ್ತು ಹಾಜರಿ ನಂಬರು. ಬಾವಿಯೊಳಗೆ ಮುಖವಿಟ್ಟು ಪಾಠ ಮಾಡಿದ ಹಾಗೆ.

ಮೊದಲ ಪಾಠ ಚೊಂಬು. ನಾನು ಗಂಟಲು ಹರಿದುಕೊಂಡು ಹೇಳಿದೆ. "ನನ್ನ ಚಿತ್ರ ನೋಡಿ ಬರೀಬೇಡಿ. ನಿಮ್ಮ ಮನೆ ಚೊಂಬು ಮುಂದೆ ಇಟ್ಟುಕೊಳ್ಳಿ. ಹಾಳೆ ಕಡೆ ಒಂದು ಸಲ ನೋಡಿದರೆ ಚೊಂಬಿನ ಕಡೆ ಹತ್ತು ಸಲ ನೋಡಿ. ಕಂಡದ್ದನ್ನ ಕಂಡ ಹಾಗೆ ಬರೀರಿ."

ಸಾಯಂಕಾಲ ಚಿತ್ರಗಳು ಬಂದವು. ಇಪ್ಪತ್ತೇಳು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ಚೊಂಬನ್ನು ಬೋರಲು ಬರೆದಿದ್ದರು. ಬಾಯಿ ಕೆಳಗೆ, ತಳ ಮೇಲೆ. ಒಬ್ಬ ಹುಡುಗನಿಗೆ ಫೋನು ಮಾಡಿ ಕೇಳಿದೆ. ಫೋನು ಎತ್ತಿದ್ದು ಅವನ ತಾಯಿ.

"ಟೀಚರಮ್ಮಾ, ನಿಮ್ ಚೊಂಬು ಬೋರಲು ಕಾಣ್ತಂತೆ. ಅದಕ್ಕೆ ನಮ್ಮೋನು ತುಂಬಿದ್ ಚೊಂಬ್ನ ಅಂಗೇ ಬೋರಲಾಕ್ಬುಟ್ಟ. ಆಸಿಗೆಲ್ಲ ನೀರು. ಮೊದಲ್ನೇ ಪಾಠಕ್ಕೇ ಬೋರಲು ಚೊಂಬು ಒಳ್ಳೆ ಶಕುನವಾ, ನೀವೇ ಏಳಿ."

ಆಮೇಲೆ ಗೊತ್ತಾಯಿತು. ನಾನು ಒರಳಿನ ಆ ಕಡೆ ಕೂರುವ ಬದಲು ಈ ಕಡೆ ಕೂತಿದ್ದೆ. ನಾನು ನೆಟ್ಟಗೆ ಬರೆದದ್ದು ಹಳ್ಳಿಗೆಲ್ಲ ತಲೆಕೆಳಗಾಗಿ ಹೋಗಿತ್ತು. ಟೀಚರ್ ಚೊಂಬು ಬೋರಲಿದ್ದರೆ ನಮ್ಮದೂ ಬೋರಲಿರಬೇಕು ಅಂತ ಮಕ್ಕಳು ಮನೆ ಮನೆಯಲ್ಲಿ ಚೊಂಬು ಕವುಚಿ ಇಟ್ಟು, ಹತ್ತು ಸಲ ನೋಡಿ, ಕಂಡ ಹಾಗೆಯೇ ಬರೆದಿದ್ದರು. ಬೈಯೋಣ ಅಂದರೆ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ್ದಾರೆ. ನನ್ನನ್ನೇ ಬೈದುಕೊಂಡೆ.

ಉಳಿದ ಇಬ್ಬರು ಮಾತ್ರ ಚೊಂಬನ್ನು ನೆಟ್ಟಗೆ, ಬಹಳ ಚೆನ್ನಾಗಿ ಬರೆದಿದ್ದರು. ಇವರಾದರೂ ಪಾಠ ಸರಿಯಾಗಿ ಕೇಳಿದರಲ್ಲ ಅಂತ ಖುಷಿಯಿಂದ ವಿಚಾರಿಸಿದೆ. ಅವರಿಗೆ ಅವತ್ತು ನೆಟ್ ಸಿಕ್ಕಿರಲಿಲ್ಲ.

೩. ಹಳದಿ ಆಕಾಶ

ಮುಂದಿನ ತಿಂಗಳು ಬಣ್ಣ. ಅಂಗಡಿ ಮುಚ್ಚಿದ್ದವು, ಸೇಲಂನಿಂದ ಬಣ್ಣ ತರಿಸೋಣ ಅಂದರೆ ಬಸ್ಸಿಲ್ಲ. ಮನೆಯಲ್ಲಿ ಏನಿದೆಯೋ ಅದರಲ್ಲೇ ಬಣ್ಣ ಮಾಡಿಕೊಳ್ಳಿ ಅಂದೆ. ಅರಿಶಿನ, ಇಟ್ಟಿಗೆ ಪುಡಿ, ಹುರುಳಿ ಸೊಪ್ಪಿನ ರಸ, ಬಟ್ಟೆಗೆ ಹಾಕುವ ನೀಲಿ.

ಬಂದ ಚಿತ್ರಗಳನ್ನು ನೋಡಿದರೆ ಒಂದರಲ್ಲೂ ಆಕಾಶ ನೀಲಿ ಇಲ್ಲ. ಎಲ್ಲ ಕಾಮಾಲೆ ಬಂದವರ ಕಣ್ಣಿನ ಹಾಗೆ ಹಳದಿ ಹಳದಿ, ಮಧ್ಯೆ ಸ್ವಲ್ಪ ಪಾಚಿ. ನನಗೆ ರೇಗಿತು. "ನಿಮ್ಮೂರಲ್ಲಿ ಆಕಾಶ ಈ ಬಣ್ಣಕ್ಕೈತಾ? ಈಚೆ ಬಂದು ತಲೆ ಎತ್ತಿ ನೋಡ್ರಿ" ಅಂತ ಗ್ರೂಪಿನಲ್ಲಿ ಗುಡುಗಿದೆ. ಮಕ್ಕಳು ಇನ್ನಷ್ಟು ನೀಲಿ ಹಾಕಿ ಕಳಿಸಿದರು. ಸಾಲದು ಅಂದೆ. ಇನ್ನೂ ಹಾಕಿದರು. ಮೂರು ವಾರ ಹೀಗೇ ನಡೆಯಿತು.

ಒಬ್ಬ ಅಜ್ಜಿ ಫೋನು ಮಾಡಿದರು. "ಏನಮ್ಮಾ ತಾಯಿ, ನಿನ್ ಪಾಠಕ್ಕೆ ನನ್ ಸೀರೆಗಿಟ್ಟಿದ್ದ ನೀಲಿ ಎಲ್ಲಾ ಓತು. ಮೊಮ್ಮಗ್ಳು ಕೈಯಿ, ಮೂತಿ, ಬೆಕ್ಕು ಎಲ್ಲಾ ನೀಲಿ ಮಾಡ್ಕಂಡು ಕುಂತವ್ಳೆ. ಇನ್ನೂ ಎಷ್ಟು ಆಕಾಸ ಬೇಕು ನಿಂಗೆ?"

ಆಗ ನನಗೆ ಅನುಮಾನ ಬಂತು. ಅದೇ ಚಿತ್ರಗಳನ್ನು ಯಜಮಾನರ ಫೋನಿನಲ್ಲಿ ತೆರೆದು ನೋಡಿದೆ. ಅಬ್ಬಾ! ಕಣ್ಣು ಕುಕ್ಕುವಷ್ಟು ನೀಲಿ. ಹಳ್ಳಿಯ ಮೇಲೆ ನೀಲಿ ಡಬ್ಬಿ ಕವುಚಿಬಿದ್ದ ಹಾಗಿತ್ತು. ಮೊದಲ ವಾರದ ಚಿತ್ರಗಳಲ್ಲೋ ಆಕಾಶ ಎಷ್ಟು ಹದವಾಗಿತ್ತೆಂದರೆ ನನಗೆ ಅಳು ಬಂತು.

"ನನ್ನ ಫೋನಿಗೆ ಏನಾಗಿದೆ?" ಅಂತ ಕೂಗಿದೆ.

ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು. "ಕಣ್ಣುರಿ ಅಂತಿದ್ದೆಯಲ್ಲ, ತಂಪಾಗಲಿ ಅಂತ ಮೂರು ವಾರದ ಹಿಂದೆ ನಿನ್ನ ಫೋನಿನ ಬೆಳಕು ಹಳದಿಯಾಗೋ ಹಾಗೆ ನಾನೇ ಏನೋ ಒತ್ತಿದೆ. ಈಗ ಉರಿ ಕಡಿಮೆಯಾಯ್ತಾ?"

೪. ಹದಿನಾಲ್ಕನೇ ನಂಬರು

ಎರಡು ತಿಂಗಳು ಕಳೆದವು. ಆಫೀಸರಿಗೆ ತೋರಿಸುವಂಥ ಚಿತ್ರ ಒಂದೂ ಇಲ್ಲ. ಹೂವು ಬರೆಯಿರಿ ಅಂದರೆ ಗುಡ್ ಮಾರ್ನಿಂಗ್ ಅಂತ ಬರೆದ ಗುಲಾಬಿ ಫೋಟೋ ಕಳಿಸುತ್ತಿದ್ದರು. ಸಿಟ್ಟಿನಲ್ಲಿ ಒಂದು ದಿನ, ಮೊದಲ ಕ್ಲಾಸಿನಿಂದಲೂ ಹೇಳುತ್ತಿದ್ದ ಮಾತನ್ನೇ, "ಹಾಜರಿ ತಪ್ಪಿಸಿದವರ ಹೆಸರು ಹೊಡೆದು ಹಾಕ್ತೀನಿ, ಯಾರಪ್ಪ ಬಂದು ಕೇಳಿದರೂ ಬಿಡಲ್ಲ" ಅಂತ ಕೂಗಾಡಿದೆ.

ಮಾರನೇ ದಿನ ಹದಿನಾಲ್ಕನೇ ನಂಬರಿನಿಂದ ಒಂದು ಚಿತ್ರ ಬಂತು. ಆ ವರ್ಷವೇ ಪಕ್ಕದ ಹಳ್ಳಿಯಿಂದ ಆರನೇ ಕ್ಲಾಸಿಗೆ ಸೇರಿದ ಹುಡುಗಿ. ಶಾಲೆ ಮುಚ್ಚಿದ್ದರಿಂದ ನಾನು ಅವಳ ಮುಖ ಕಂಡಿರಲಿಲ್ಲ. ಕುರಿ ಸಾಕುವ ಮನೆ ಅಂತಷ್ಟೇ ಗೊತ್ತು.

ಹಳೆ ಕ್ಯಾಲೆಂಡರಿನ ಹಿಂಭಾಗದಲ್ಲಿ ಇದ್ದಿಲಿನಿಂದ ಬರೆದದ್ದು. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒತ್ತಿಕೊಂಡು ನಿಂತಿವೆ. ಒಂದರ ತಲೆ ಇನ್ನೊಂದರ ಹೊಟ್ಟೆ ಕೆಳಗೆ. ಹತ್ತು ಹನ್ನೆರಡು ಕುರಿ, ಒಂದಕ್ಕೂ ಮುಖವಿಲ್ಲ, ಆದರೂ ಅವಕ್ಕೆ ಎಷ್ಟು ಸೆಖೆಯಾಗುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಷ್ಟು ನೋಡಿ ಬರೆದ ಮಗುವನ್ನು ಕಂಡಿರಲಿಲ್ಲ. ಫೋನು ಹಿಡಿದುಕೊಂಡು ಅಡುಗೆಮನೆಗೂ ನಡುಮನೆಗೂ ಓಡಾಡಿದೆ.

ಆಮೇಲೆ ವಾರಕ್ಕೊಂದು ಬರತೊಡಗಿತು. ಎದ್ದು ನಿಲ್ಲಲು ಒದ್ದಾಡುವ ಮರಿ, ಮುಳ್ಳುಗಿಡಕ್ಕೆ ಕತ್ತು ಚಾಚಿದ ಟಗರು. "ಶಭಾಷ್ ಮಗಳೇ, ಕಿವಿ ಇನ್ನೂ ಸ್ವಲ್ಪ ಜೋಲಬೇಕು" ಅಂತ ಕ್ಲಾಸಿನಲ್ಲಿ ಹೇಳಿದರೆ ಫೋನಿನಲ್ಲಿ ಹೆಬ್ಬೆಟ್ಟು ಎತ್ತಿದ ಗುರುತು ಬರುತ್ತಿತ್ತು, ಮುಂದಿನ ವಾರ ಕಿವಿ ಜೋತಿರುತ್ತಿತ್ತು. ಒಂದು ಮಾತಿಲ್ಲ. ಎಷ್ಟು ವಿನಯದ ಹುಡುಗಿ ಅಂದುಕೊಂಡೆ. ಒಮ್ಮೊಮ್ಮೆ ಮೈಕ್ ತೆರೆದುಕೊಂಡು ಕುರಿ ಅರಚುವುದು ಕೇಳುತ್ತಿತ್ತು. ಮನೆ ಪಕ್ಕವೇ ದೊಡ್ಡಿ ಇರಬೇಕು ಅಂದುಕೊಂಡೆ.

ಮೊದಲ ಚಿತ್ರವನ್ನೇ ಆಫೀಸರಿಗೆ ಕಳಿಸಿದೆ. ಅವರು ಅದನ್ನು ಜಿಲ್ಲೆಗೆ ಕಳಿಸಿದರು. ಕೆಳಗೆ ತಮ್ಮ ಹೆಸರು, "ಇವರ ಮಾರ್ಗದರ್ಶನದಲ್ಲಿ" ಅಂತ ದಪ್ಪಕ್ಷರದಲ್ಲಿ. ಮೇಲಿನಿಂದ ಅವರಿಗೆ ಮೆಚ್ಚುಗೆಯೂ ಬಂತು. ಶಾವಿಗೆ ಒರಳಿಗೆ ಫೋನು ಕಟ್ಟಿ ಬೆನ್ನು ಬಗ್ಗಿಸಿಕೊಂಡವಳ ಹೆಸರು ಎಲ್ಲೂ ಇರಲಿಲ್ಲ. ಹೋಗಲಿ, ಪೀರಿಯಡ್ ಉಳಿದರೆ ಸಾಕು ಅಂತ ಹಲ್ಲು ಕಚ್ಚಿಕೊಂಡೆ.

ಮಾರನೇ ದಿನ ಅವರಿಂದ ನನಗೊಂದು ಸಲಹೆ ಬಂತು. "ಚಿತ್ರ ಚೆನ್ನಾಗಿದೆ. ಮುಂದಿನ ಸಲ ಕುರಿಗಳು ನಗುತ್ತಿರಲಿ."

೫. ಒಂದು ದಿನವೂ ತಪ್ಪದ ಹಾಜರಿ

ಶಾಲೆ ತೆರೆದ ಮೊದಲ ದಿನವೇ ಆಫೀಸರು ಬಂದರು. ಆ ಹುಡುಗಿ ತಮ್ಮ ಕಣ್ಣೆದುರು ಕುರಿ ಬರೆಯಬೇಕು, ಪಕ್ಕದಲ್ಲಿ ತಾವು ನಿಂತು ಫೋಟೋ ತೆಗೆಸಿಕೊಳ್ಳಬೇಕು, ಪೀರಿಯಡ್ಡಿನ ವಿಷಯ ಅಲ್ಲೇ ತೀರ್ಮಾನ. ಲೆಕ್ಕದ ಮೇಷ್ಟ್ರು ಕರೆಯದಿದ್ದರೂ ಬಂದು ಮೂಲೆಯಲ್ಲಿ ನಿಂತರು.

ಹದಿನಾಲ್ಕನೇ ನಂಬರು ಎದ್ದು ಬಂತು. ಎರಡು ಜಡೆಯ ಸಣಕಲು ಹುಡುಗಿ. ನನಗೆ ಹೋಗಿ ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು. ದೊಡ್ಡ ಹಾಳೆ ಹಾಸಿ ಇದ್ದಿಲು ಕೈಗೆ ಕೊಟ್ಟೆ.

ಹುಡುಗಿ ಒಂದು ಉದ್ದನೆಯ ಡಬ್ಬಿ ಬರೆದಳು. ಡಬ್ಬಿಗೆ ನಾಲ್ಕು ಕಡ್ಡಿ ಹಚ್ಚಿದಳು. ದೂರ ನಿಂತು ನೋಡಿದಳು. ಯಾರಿಗೂ ತಿಳಿಯಲಿಕ್ಕಿಲ್ಲ ಅಂತ ಅವಳಿಗೇ ಅನ್ನಿಸಿರಬೇಕು, ಕೆಳಗೆ ತಮಿಳಿನಲ್ಲಿ "ಕುರಿ" ಅಂತ ಬರೆದಳು.

"ಎನ್ನಮ್ಮಾ ಇದು?" ಅಂತ ಆಫೀಸರು ಕೇಳಿದ್ದು ಅವಳನ್ನಲ್ಲ, ನನ್ನನ್ನು.

ನಾನು ಬಗ್ಗಿ ಕನ್ನಡದಲ್ಲಿ ಕೇಳಿದೆ. "ಭಯ ಬೇಡ ಕಣವ್ವ. ಮನೇಲಿ ಬರೀತಿದ್ದಂಗೆ ಬರಿ."

"ಮನೇಲಿ ನಾನು ಬರ್ದಿಲ್ಲ ಟೀಚರ್."

"ಮತ್ತೆ ಯಾರು ಬರೆದದ್ದು?"

"ಅಪ್ಪ."

"ತಪ್ಪದೆ ಕ್ಲಾಸಿಗೆ ಬರ್ತಿದ್ದವಳು?"

"ಅದೂ ಅಪ್ಪನೇ. ಫೋನು ಅಪ್ಪನ ತಾವ್ಲೇ ಇರ್ತೈತೆ ಟೀಚರ್. ನಿಮ್ಮನ್ನ ನಾನು ನೋಡ್ತಿರೋದೇ ಇವತ್ತು."

ವಾರ ವಾರವೂ "ಶಭಾಷ್ ಮಗಳೇ, ಶಭಾಷ್ ಮಗಳೇ" ಅಂದಿದ್ದೇನೆ. ಆ ಮಗಳು ನನ್ನ ಒಂದು ಪಾಠವನ್ನೂ ಕೇಳಿಲ್ಲ, ನನ್ನ ಮುಖ ಕಂಡಿಲ್ಲ. ಒಂದು ಸಲ, ಒಂದೇ ಒಂದು ಸಲ, ಮಗುವಿನ ದನಿ ಕೇಳಿಸು ಅಂತ ನಾನು ಅಂದಿದ್ದರೆ ಸಾಕಿತ್ತು. ಆಫೀಸರ ಮೇಲೆ, ಮೇಷ್ಟ್ರ ಮೇಲೆ, ಫೋನಿನ ಮೇಲೆ ಸಿಟ್ಟು ಮಾಡಿದ್ದೆಲ್ಲ ಒಂದು ತೂಕ, ಆ ಕ್ಷಣ ನನ್ನ ಮೇಲೆ ನನಗೆ ಬಂದ ಸಿಟ್ಟು ಒಂದು ತೂಕ.

"ಅಪ್ಪನಿಗೆ ಫೋನ್ ಹಾಕಿ" ಅಂದರು ಆಫೀಸರು, ನಾನು ತಮಿಳಿನಲ್ಲಿ ವಿಷಯ ಹೇಳಿದ ಮೇಲೆ, ಮುಖ ಕೆಂಪಗೆ ಮಾಡಿಕೊಂಡು.

ನನ್ನ ಫೋನಿನಿಂದ ವಿಡಿಯೋ ಕಾಲ್ ಹಾಕಿದೆ. ಮೂರು ತಿಂಗಳ ಕಪ್ಪು ಚೌಕ ಮೊದಲ ಸಲ ತೆರೆಯಿತು. ತಲೆಗೆ ಟವೆಲ್ಲು ಸುತ್ತಿದ ಗಿರಿಜಾ ಮೀಸೆಯ ಮನುಷ್ಯ, ಹಿಂದೆ ಬಯಲು ತುಂಬ ಕುರಿ. ನನ್ನ ಮುಖ ಕಂಡದ್ದೇ ಎದ್ದು ನಿಂತು ಕೈ ಮೇಲೆತ್ತಿದ. "ಆಜರ್ ಟೀಚರಮ್ಮಾ!"

"ಅಲ್ಲಣ್ಣಾ, ಮಗಳು ಕೂರಬೇಕಾದ ಕ್ಲಾಸಿಗೆ ನೀನ್ಯಾಕೆ ಕೂತೆ?"

"ನೀವೇ ಅಲ್ವರಾ ಏಳಿದ್ದು, ಆಜರಿ ತಪ್ಪಿದ್ರೆ ಎಸ್ರು ಒಡೀತೀನಿ ಅಂತ? ಒಲದಲ್ಲಿ ಮಂದೆ ನಿಲ್ಸು, ಗೊಬ್ರ ಬೇಕು ಅಂತ ಜನ ಕರೆಯೋದು ಈ ಫೋನಿಗೇ. ಮನೇಲಿ ಬುಟ್ಟು ಬಂದ್ರೆ ನಾನು ಯಾವೂರಿಗೆ ಅಂತ ಓಗ್ಲಿ? ಮಗ್ಳ ಎಸ್ರೂ ಓಗ್ಬಾರ್ದು, ಮಂದೆ ಕೆಲ್ಸಾನೂ ಕೆಡ್ಬಾರ್ದು. ಅದಕ್ಕೆ ನಾನೇ ಕುಂತೆ. ಮಳೆ ಬಂದ್ರೂ ಉಣ್ಸೆಮರದ ಕೆಳಗೆ ನಿಂತು ಕೇಳಿವ್ನಿ. ಒಂದ್ ದಿನಾನೂ ತಪ್ಪಿಲ್ಲ, ಬೇಕಾರೆ ಬುಕ್ಕು ನೋಡ್ಕಳಿ."

ಹಾಜರಿ ಪುಸ್ತಕ ತೆರೆದು ನೋಡಿದೆ. ನಿಜ. ಇಪ್ಪತ್ತೇಳು ಜನರಲ್ಲಿ ಮೂರು ತಿಂಗಳು ಒಂದು ದಿನವೂ ತಪ್ಪದವನು ಅವನೊಬ್ಬನೇ.

"ಚಿತ್ರ ಬರೆಯೋದು ಎಲ್ಲಿ ಕಲಿತೆ?"

"ಇದೇನು ಟೀಚರಮ್ಮಾ ಇಂಗೆ ಕೇಳ್ತೀರಿ? ನೀವೇ ಕಲ್ಸಿದ್ದು. ಆಳೆ ಕಡೆ ಒಂದ್ ಸಲ, ವಸ್ತು ಕಡೆ ಅತ್ತು ಸಲ ನೋಡು ಅಂದ್ರಿ. ನಂಗೆ ನೋಡಕ್ಕೆ ಇರೋದು ಕುರಿ ಒಂದೇ."

ಆಫೀಸರು ನನ್ನನ್ನು ಬಾಗಿಲ ಹತ್ತಿರ ಕರೆದರು. "ಇದು ಮೋಸ. ಮಕ್ಕಳ ಚಿತ್ರ ಅಂದೆ ನಾನು. ಪೀರಿಯಡ್ ಕ್ಯಾನ್ಸಲ್." ಮೂಲೆಯಲ್ಲಿದ್ದ ಲೆಕ್ಕದ ಮೇಷ್ಟ್ರು ಆಗಲೇ ಟೈಮ್ ಟೇಬಲ್ ಕಡೆ ನಡೆದಿದ್ದರು, ಜೇಬಿನಿಂದ ಪೆನ್ನು ತೆಗೆದುಕೊಂಡು.

ಅಷ್ಟು ದಿನ ಮಾಸ್ಕಿನೊಳಗೆ ಅದುಮಿಟ್ಟದ್ದೆಲ್ಲ ಆಚೆ ಬಂತು. ಮೊದಲು ಕನ್ನಡದಲ್ಲಿ ಬೈದೆ, ಅದು ಅವರಿಗೆ ತಿಳಿಯಲಿಲ್ಲ. ಆಮೇಲೆ ತಮಿಳಿನಲ್ಲಿ ಮೆಲ್ಲಗೆ ಹೇಳಿದೆ, ಅದು ತಿಳಿಯಿತು. "ಆಯ್ತು ಸಾರ್, ಕ್ಯಾನ್ಸಲ್ ಮಾಡಿ. ಕಾರಣ ಏನು ಅಂತ ಜಿಲ್ಲೆಯವರು ಕೇಳಿದರೆ ನಾನೇ ಬರೀತೀನಿ. ಇವರ ಮಾರ್ಗದರ್ಶನದಲ್ಲಿ ಅಂತ ಹೋದ ಚಿತ್ರ ಬರೆದದ್ದು ಒಬ್ಬ ಕುರಿ ಮೇಯಿಸುವವನು, ಆರನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಅವನಿಗೆ ಮೀಸೆ ಇದೆ ಅಂತ."

ಆಫೀಸರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. "ಪೀರಿಯಡ್ ಇರಲಿ ಬಿಡಮ್ಮಾ" ಅಂದರು.

"ಸಾಲದು ಸಾರ್. ಫೋನು ಮಂದೆ ಜೊತೆ ಹೋಗುವ ಮನೆಗಳು ಇನ್ನೂ ಇವೆ. ಆ ಮಕ್ಕಳು ಮೂರು ತಿಂಗಳು ಏನೂ ಕಲಿತಿಲ್ಲ. ಶನಿವಾರ ಶಾಲೆ ತೆಗೆಸಿ ಕೊಡಿ, ಅವರನ್ನ ಮೊದಲಿನಿಂದ ಕೂರಿಸಿಕೊಳ್ತೀನಿ."

"ಸರಿಮ್ಮಾ, ಸರಿ" ಅಂದರು. ಮೇಷ್ಟ್ರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸಿಟ್ಟಿನಿಂದ ಆದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಫೋನನ್ನು ಹುಡುಗಿಯ ಕೈಗೆ ಕೊಟ್ಟು ಮರೆತೇಬಿಟ್ಟಿದ್ದೆ. ಅದರಲ್ಲಿ ಅವಳಪ್ಪ ಇನ್ನೂ ನಿಂತೇ ಇದ್ದ. ನಾನು ತಿರುಗಿದ್ದು ಕಂಡು ಮತ್ತೆ ಕೈ ಎತ್ತಿದ. "ಟೀಚರಮ್ಮಾ, ಒಂದ್ ಮಾತು."

"ಹೇಳಣ್ಣಾ."

"ಪರೀಕ್ಸೆ ಯಾವತ್ತು ಮಡಗ್ತೀರಿ? ಮುಂದಿನ್ ತಿಂಗ್ಳು ಪೂರ್ತಿ ಮಂದೆ ಬೇರೆ ಊರಿಗೆ ಒಪ್ಕಂಡಿವ್ನಿ, ನಂಗೆ ಬರಕ್ಕಾಗಲ್ಲ. ಅವತ್ತು ಒಂದಿನ ಮಾತ್ರ ನನ್ ಬದ್ಲು ಮಗ್ಳು ಬರೀಬೋದಾ?"